ಸಿಕ್ಕ ತೀರ್ಪು ಇನ್ನೂ ನಿಂತಿದೆಯೇ? ಕಾನೂನು ಗ್ರಂಥಾಲಯದಲ್ಲಿ ಹುಡುಕುವ ಕ್ರಮ

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ವಕೀಲಿಕೆ ಶುರು ಮಾಡಿ ಎಂಟು ತಿಂಗಳಾಯಿತು. ಒಂದು ಪಾಲಿನ ದಾವೆಯಲ್ಲಿ ನಮ್ಮ ಸೀನಿಯರ್ ಅಣ್ಣತಮ್ಮಂದಿರ ಪರ ಇದ್ದಾರೆ. ತಂದೆ 2001ರಲ್ಲಿ ತೀರಿಕೊಂಡರು, ಮೃತ್ಯುಪತ್ರ ಬರೆದಿಲ್ಲ. ದಾವೆ ಹಾಕಿದ ಮಗಳ ಮದುವೆ 1988ರಲ್ಲಿ ಆಗಿದೆ. 1996ರಲ್ಲೇ ಬಾಯಿಮಾತಿನ ವಾಟ್ನಿ (ಪಾಲು) ಆಗಿ, ವರ್ದಿ (ಕಂದಾಯ ಕಚೇರಿಗೆ ಕೊಡುವ ಮಾಹಿತಿ) ಕೊಟ್ಟು ಪಹಣಿಯಲ್ಲಿ ಹೆಸರು ಬೇರೆ ಮಾಡಿಕೊಂಡಿದ್ದಾರೆ ಎಂಬುದು ನಮ್ಮ ಕಡೆಯ ವಾದ. ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟ 2005ರ ತಿದ್ದುಪಡಿಗೆ ಮೊದಲೇ ತಂದೆ ತೀರಿದ್ದರೆ ಮಗಳಿಗೆ ಸಮಾನ ಹಕ್ಕಿಲ್ಲ ಎನ್ನುವ 2015ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಮೊಬೈಲಿನಲ್ಲಿ ಹುಡುಕಿ ಕೊಟ್ಟೆ. ಎದುರು ವಕೀಲರು ಎದ್ದು ‘ಇದು ಓವರ್‌ರೂಲ್ ಆಗಿದೆ’ ಎಂದರು, ನನ್ನ ಬಾಯಿ ಕಟ್ಟಿತು. ಈಗ ಸೀನಿಯರ್ ‘ಲೈಬ್ರರಿಗೆ ಹೋಗಿ ಸರಿಯಾಗಿ ನೋಡು’ ಎನ್ನುತ್ತಾರೆ. ಅಲ್ಲಿ ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೀವು ಕೊಟ್ಟದ್ದು ಪ್ರಕಾಶ್ ವಿರುದ್ಧ ಫೂಲವತಿ ತೀರ್ಪು ಇರಬೇಕು: 2015ರ ಅಕ್ಟೋಬರ್ 16ರದು, ಸುಪ್ರೀಂ ಕೋರ್ಟ್ ಕೇಸಸ್ (ಎಸ್‌ಸಿಸಿ) ಎಂಬ ತೀರ್ಪು ವರದಿಯಲ್ಲಿ (2016) 2 ಎಸ್‌ಸಿಸಿ 36. ಅದು ಸುಳ್ಳು ತೀರ್ಪೇನಲ್ಲ, ಐದು ವರ್ಷದ ಹತ್ತಿರ ಚಲಾವಣೆಯಲ್ಲಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಮೊಬೈಲ್ ನಿಮಗೆ ಉತ್ತರ ಕೊಟ್ಟಿತು, ಉತ್ತರದ ವಯಸ್ಸು ಹೇಳಲಿಲ್ಲ. ಗ್ರಂಥಾಲಯದ ಅಡಿಟಿಪ್ಪಣಿ, ಸೂಚಿ, ಪಟ್ಟಿಗಳೆಲ್ಲ ಇರುವುದು ಆ ವಯಸ್ಸು ಹೇಳಲಿಕ್ಕೆ. ನಿಮ್ಮ ದಾವೆಯನ್ನೇ ಮುಂದಿಟ್ಟುಕೊಂಡು ಕ್ರಮವಾಗಿ ನೋಡೋಣ.

ಗ್ರಂಥಾಲಯದ ಮೆಟ್ಟಿಲು ಹತ್ತುವ ಮೊದಲು ಒಂದು ಹಾಳೆಯಲ್ಲಿ ದಿನಾಂಕಗಳನ್ನಷ್ಟೇ ಬರೆಯಿರಿ. ಮದುವೆ 1988, ಬಾಯಿಮಾತಿನ ವಾಟ್ನಿ 1996, ತಂದೆಯ ಮರಣ 2001, ದಾವೆ ಹೂಡಿದ ದಿನ, ಪ್ರಾಥಮಿಕ ಡಿಕ್ರಿ (ಯಾರಿಗೆಷ್ಟು ಪಾಲು ಎಂದು ಹೇಳುವ ಮೊದಲ ತೀರ್ಮಾನ) ಆಗಿದ್ದರೆ ಅದರ ದಿನ. ಆಸ್ತಿ ಪಿತ್ರಾರ್ಜಿತವೋ ತಂದೆಯ ಸ್ವಯಾರ್ಜಿತವೋ, ಜಮೀನು ಯಾವ ತಾಲ್ಲೂಕಿನದು ಎಂಬುದನ್ನೂ ಸೇರಿಸಿ. ‘ಹೆಣ್ಣುಮಕ್ಕಳ ಆಸ್ತಿ ಹಕ್ಕು’ ಎಂದು ಹುಡುಕಲು ಹೊರಟರೆ ಕಪಾಟು ಮೈಮೇಲೆ ಬೀಳುತ್ತದೆ. ‘ನೋಂದಣಿಯಾಗದ 1996ರ ಪಾಲು 2005ರ ತಿದ್ದುಪಡಿಯ ಎದುರು ನಿಲ್ಲುತ್ತದೆಯೇ’ ಎಂದು ಕೇಳಿಕೊಂಡರೆ ನೋಡಬೇಕಾದದ್ದು ನಾಲ್ಕೈದು ಪುಸ್ತಕಕ್ಕೆ ಇಳಿಯುತ್ತದೆ. ನಿಮ್ಮ ದಾವೆಯ ನಿಜವಾದ ಪ್ರಶ್ನೆಯೂ ಇದೇ. ತಂದೆ ಯಾವಾಗ ತೀರಿದರು ಎಂಬ ಪ್ರಶ್ನೆ 2020ಕ್ಕೇ ಮುಗಿದಿದೆ.

ಮೊದಲ ಕಪಾಟು ಕಾಯ್ದೆಯದು. ತೀರ್ಪಿನಿಂದ ಶುರು ಮಾಡುವ ಚಟ ಜೂನಿಯರ್‌ಗಳಲ್ಲಿ ಬಹಳ, ಅದನ್ನು ಬಿಡಿ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಬೇರ್ ಆಕ್ಟ್ (ವ್ಯಾಖ್ಯಾನವಿಲ್ಲದ ಬರೀ ಕಾಯ್ದೆಯ ಪುಸ್ತಕ) ತೆಗೆದು ಮೊದಲು ಅದು ಯಾವ ವರ್ಷದ ಮುದ್ರಣ ಎಂದು ನೋಡಿ, ಆಮೇಲೆ ಕಲಂ 6. ಕಲಮಿನ ಮೇಲೆ ಪುಟ್ಟ ಅಂಕಿಯಿದ್ದು, ಪುಟದ ಕೆಳಗೆ ‘2005ರ 39ನೇ ಕಾಯ್ದೆಯಿಂದ ಬದಲಿಸಲಾಗಿದೆ, 9-9-2005ರಿಂದ ಜಾರಿ’ ಎಂಬರ್ಥದ ಟಿಪ್ಪಣಿ ಇರುತ್ತದೆ. ಆ ಒಂದು ಸಾಲಿನಲ್ಲಿ ಮೂರು ವಿಷಯವಿದೆ: ಯಾವ ಕಾಯ್ದೆ ತಿದ್ದಿತು, ಹೊಸದಾಗಿ ಸೇರಿಸಿತೋ ಹಳೆಯದನ್ನು ತೆಗೆದು ಬದಲಿ ಇಟ್ಟಿತೋ, ಯಾವತ್ತಿನಿಂದ ಜಾರಿ. ಕಾಯ್ದೆಗೆ ಅಂಕಿತ ಬಿದ್ದ ದಿನ ಬೇರೆ, ಜಾರಿಗೆ ಬಂದ ದಿನ ಬೇರೆ ಇರಬಹುದು. ನ್ಯಾಯಾಲಯ ಕೇಳುವುದು ಎರಡನೆಯದನ್ನು.

ಈಗ ಕಲಮನ್ನು ಕೊನೆಯವರೆಗೆ ಓದಿ. ಉಪಕಲಂ (1)ರ ಪರಂತುಕ, ಅಂದರೆ ವಿನಾಯಿತಿ ಹೇಳುವ ಭಾಗ, 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪರಭಾರೆ, ಪಾಲು, ಮೃತ್ಯುಪತ್ರದ ವಿಲೇವಾರಿಗಳನ್ನು ಉಳಿಸುತ್ತದೆ. ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದದ್ದು ಅಂದೇ. ಮಸೂದೆಯ ಸುದ್ದಿ ಕೇಳಿ ಹಳೆಯ ತಾರೀಕು ಹಾಕಿ ಪಾಲು ಮಾಡಿಕೊಳ್ಳುವವರಿಗೆ ಗೆರೆ ಎಳೆದದ್ದು ಹಾಗೆ. ಉಪಕಲಂ (5) ಆ ದಿನಕ್ಕೆ ಮೊದಲಿನ ಪಾಲಿಗೆ ಈ ಕಲಂ ಅನ್ವಯಿಸದು ಎನ್ನುತ್ತದೆ. ಅಷ್ಟು ಓದಿ ‘ನಮ್ಮದು 1996, ಬಚಾವಾದೆವು’ ಎಂದುಕೊಂಡು ಪುಸ್ತಕ ಮುಚ್ಚಿದರೆ ಕೆಟ್ಟಿರಿ. ಕೆಳಗಿನ ವಿವರಣೆಯ ಪ್ರಕಾರ ‘ಪಾಲು’ ಎಂದರೆ ನೋಂದಾಯಿತ ವಿಭಾಗ ಪತ್ರದ ಪಾಲು, ಇಲ್ಲವೇ ನ್ಯಾಯಾಲಯದ ಡಿಕ್ರಿಯಿಂದ ಆದ ಪಾಲು. ಪರಂತುಕ ಮತ್ತು ವಿವರಣೆ ಓದದೆ ಕಲಂ ಓದಿದೆ ಎನ್ನುವ ಹಾಗಿಲ್ಲ.

ಅದೇ ಪುಸ್ತಕದಲ್ಲಿ ನಿಮಗಾಗಿ ಇನ್ನೊಂದು ಗುಂಡಿ ಕಾದಿದೆ. ಕಲಂ 6ರ ಬಳಿ ‘ರಾಜ್ಯ ತಿದ್ದುಪಡಿ – ಕರ್ನಾಟಕ’ ಎಂಬ ತಲೆಬರಹದಡಿ 6ಎ, 6ಬಿ, 6ಸಿ ಕಲಂಗಳು ಅಚ್ಚಾಗಿರುವುದುಂಟು. 1994ರ ಕರ್ನಾಟಕ ಕಾಯ್ದೆ 23ರ ಮೂಲಕ ಬಂದ ಇವು 1994ರ ಜುಲೈ 30ರಿಂದ ಜಾರಿಯಾದವು. ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ ಕರ್ನಾಟಕ ಮಗಳನ್ನು ಸಹದಾಯಾದಿ (ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುಗಾರ್ತಿ) ಮಾಡಿತ್ತು, ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತ್ತು. 1988ರ ಮದುವೆ ಎಂದ ಕೂಡಲೇ ಇದೇ ರಾಮಬಾಣ ಅನ್ನಿಸುತ್ತದೆ. ಆದರೆ ಅದು ನಾಟುವುದಿಲ್ಲ: ಉತ್ತರಾಧಿಕಾರ ಸಮವರ್ತಿ ಪಟ್ಟಿಯ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ. ಆಮೇಲೆ ಬಂದ ಸಂಸತ್ತಿನ ಕಾನೂನು ವಿರುದ್ಧವಾಗಿದ್ದರೆ ಸಂವಿಧಾನದ 254ನೇ ವಿಧಿಯಂತೆ ಅದೇ ಮೇಲಾಗುತ್ತದೆ, ಮತ್ತು 2005ರ ಕಲಂ 6ರಲ್ಲಿ ಮದುವೆಯಾದ ಮಗಳು, ಆಗದ ಮಗಳು ಎಂಬ ಭೇದವಿಲ್ಲ. ಹಾಗಾಗಿ 1994ರಿಂದ 2005ರ ನಡುವೆ 6ಎ ಮೇಲೆ ಬಂದ ಹೈಕೋರ್ಟ್ ತೀರ್ಪುಗಳು ಕಪಾಟಿನಲ್ಲಿ ಎಷ್ಟಿದ್ದರೂ ಮದುವೆಯ ಕಾರಣಕ್ಕೆ ಅವುಗಳನ್ನು ಉಲ್ಲೇಖಿಸಬೇಡಿ.

ಸೂಕ್ಷ್ಮವಾದ ಮತ್ತೊಂದು: 2015ರ 17ನೇ ಕಾಯ್ದೆ, ಅಂದರೆ ನಿರಸನ ಮತ್ತು ತಿದ್ದುಪಡಿ ಕಾಯ್ದೆ, 2005ರ ತಿದ್ದುಪಡಿ ಕಾಯ್ದೆಯನ್ನೇ ರದ್ದು ಮಾಡಿದೆ. ಅಂತರ್ಜಾಲದಲ್ಲಿ ‘ರದ್ದಾಗಿದೆ’ ಎಂಬ ಪದ ಕಂಡು ಮಗಳ ಹಕ್ಕೇ ಹೋಯಿತು ಎಂದು ವಾದಿಸಲು ಹೊರಟವರಿದ್ದಾರೆ. ತಿದ್ದುಪಡಿ ಒಮ್ಮೆ ಮೂಲ ಕಾಯ್ದೆಯೊಳಗೆ ಸೇರಿದ ಮೇಲೆ ತಿದ್ದಿದ ಕಾಯ್ದೆ ಖಾಲಿ ಚೀಲ. ಅಂಥ ಚೀಲಗಳನ್ನು ಆಗಾಗ ಗುಡಿಸಿ ಹಾಕುತ್ತಾರೆ. ಸೇರಿಸಿದ ಪಠ್ಯ ಹಾಗೇ ಉಳಿಯುತ್ತದೆ ಎಂಬುದಕ್ಕೆ ಸಾಮಾನ್ಯ ಖಂಡಗಳ ಕಾಯ್ದೆ, 1897ರ ಕಲಂ 6ಎ ನೋಡಿ.

ಪಠ್ಯವನ್ನು ಎರಡು ಕಡೆ ತಾಳೆ ನೋಡಿ. ಕೇಂದ್ರ ಕಾಯ್ದೆಗೆ ಇಂಡಿಯಾ ಕೋಡ್ ಜಾಲತಾಣ, ರಾಜ್ಯದ ಕಾಯ್ದೆಗೆ ಸಂಸದೀಯ ವ್ಯವಹಾರಗಳ ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣ. ಎರಡೂ ಉಚಿತ. ಕೊನೆಗೆ ಅನುಮಾನ ಉಳಿದರೆ ರಾಜ್ಯಪತ್ರವೇ ಪ್ರಮಾಣ. ಕನ್ನಡ ಪಠ್ಯ ಓದಿ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಸಂವಿಧಾನದ 348ನೇ ವಿಧಿಯಂತೆ ಕಾಯ್ದೆಯ ಅಧಿಕೃತ ಪಠ್ಯ ಇಂಗ್ಲಿಷಿನದು, ಒಂದು ಪದದ ಮೇಲೆ ವಾದ ನಿಂತಾಗ ಅದನ್ನೇ ತೆರೆಯಿರಿ. ಸುಪ್ರೀಂ ಕೋರ್ಟ್ ತೀರ್ಪುಗಳ ಕನ್ನಡ ಅನುವಾದಕ್ಕೂ ಇದೇ ಮಾತು. ಅವು ಕಕ್ಷಿದಾರರ ತಿಳಿವಳಿಕೆಗೆ ಎಂದು ಅವುಗಳಲ್ಲೇ ಬರೆದಿರುತ್ತದೆ.

ಎರಡನೆಯ ನಿಲ್ದಾಣ ಕಾಮೆಂಟರಿ, ಅಂದರೆ ಕಾನೂನಿನ ವ್ಯಾಖ್ಯಾನ ಗ್ರಂಥ. ಮುಲ್ಲಾ ಅವರ ಹೆಸರಿನ ಹಿಂದೂ ಕಾನೂನು ಗ್ರಂಥ ತಾಲ್ಲೂಕು ವಕೀಲರ ಸಂಘದ ಕಪಾಟಿನಲ್ಲೂ ಇರುತ್ತದೆ. ಹಿಂಬದಿಯ ವಿಷಯಸೂಚಿಯಲ್ಲಿ ‘ಪಾಲು – ಬಾಯಿಮಾತಿನ’, ‘ಸಹದಾಯಾದಿ – ಮಗಳು’ ಎಂಬ ನಮೂದು ಹುಡುಕಿದರೆ ನೇರ ಪುಟ ಸಿಗುತ್ತದೆ. ಆದರೆ ಮೊದಲು ಮುನ್ನುಡಿಯ ತಾರೀಕು ನೋಡಿ. 2020ರ ಆಗಸ್ಟಿಗೆ ಮೊದಲಿನ ಆವೃತ್ತಿಯಾದರೆ ಅದರಲ್ಲಿ ಫೂಲವತಿಯೇ ಕಾನೂನು. ಸಣ್ಣ ಊರಿನ ಸಂಘಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯ ಆವೃತ್ತಿಯೇ ಮೇಜಿನ ಮೇಲಿರುತ್ತದೆ, ದುಡ್ಡಿನ ಪ್ರಶ್ನೆ. ಹಳೆಯ ಆವೃತ್ತಿ ನಿಷ್ಪ್ರಯೋಜಕವೇನಲ್ಲ: ಪರಿಕಲ್ಪನೆ ತಿಳಿಯಲು, ಹಳೆಯ ತೀರ್ಪುಗಳ ಹೆಸರು ಹಿಡಿಯಲು ಸಾಕು. ಅದರಿಂದ ತೀರ್ಮಾನ ಮಾತ್ರ ತೆಗೆದುಕೊಳ್ಳಬಾರದು. ಇಂಥ ಬದಲಾವಣೆ ಏಕೆ ಬಂತು ಎಂಬ ಹಿನ್ನೆಲೆ ಬೇಕಿದ್ದರೆ 2000ದ ಕಾನೂನು ಆಯೋಗದ 174ನೇ ವರದಿ ಓದಿ.

ಡೈಜೆಸ್ಟ್ ಮೂರನೆಯದು. ತೀರ್ಪುಗಳ ಸಾರಾಂಶವನ್ನು ಕಾಯ್ದೆ, ಕಲಂ, ಉಪವಿಷಯದ ಪ್ರಕಾರ ಜೋಡಿಸಿದ ಸಂಪುಟಗಳಿವು. ತೀರಾ ಈಚಿನ ಸಂಪುಟದಿಂದ ಶುರು ಮಾಡಿ ಹಿಂದಕ್ಕೆ ಬನ್ನಿ, ಮುಂದಕ್ಕೆ ಹೋಗಬೇಡಿ. ಹಿಂದಕ್ಕೆ ಬರುವಾಗ ವಿನೀತಾ ಶರ್ಮಾ ಮೊದಲು ಎದುರಾಗುತ್ತದೆ, ಫೂಲವತಿ ಆಮೇಲೆ. ನಿಮಗೆ ಆದ ಅವಮಾನ ಇಷ್ಟರಲ್ಲೇ ತಪ್ಪುತ್ತಿತ್ತು. ‘ಹಿಂದೂ ಉತ್ತರಾಧಿಕಾರ ಕಾಯ್ದೆ – ಕಲಂ 6’ ಒಂದೇ ತಲೆಬರಹಕ್ಕೆ ನಿಲ್ಲದೆ ‘ಹಿಂದೂ ಕಾನೂನು – ಅವಿಭಕ್ತ ಕುಟುಂಬ – ಪಾಲು’, ‘ನೋಂದಣಿ ಕಾಯ್ದೆ – ಕಲಂ 17’ ಇವನ್ನೂ ನೋಡಿ. ಕುಟುಂಬ ಒಪ್ಪಂದಕ್ಕೆ ನೋಂದಣಿ ಬೇಕೇ ಎಂಬ ತೀರ್ಪುಗಳು ಈ ಕೊನೆಯದರಲ್ಲಿ ಅಡಗಿರುತ್ತವೆ.

ಹೆಸರಿನಿಂದ ಹುಡುಕುವಾಗ ಎರಡು ಎಡವಟ್ಟು ಸಾಮಾನ್ಯ. ಹೈಕೋರ್ಟಿನಲ್ಲಿ ಮೇಲ್ಮನವಿದಾರರಾಗಿದ್ದವರು ಸುಪ್ರೀಂ ಕೋರ್ಟಿನಲ್ಲಿ ಪ್ರತ್ಯರ್ಥಿಯಾದರೆ ಪ್ರಕರಣದ ಹೆಸರು ತಿರುವುಮುರುವಾಗುತ್ತದೆ. ಎರಡನೆಯದು, ನಮ್ಮ ‘ತ’ ಇಂಗ್ಲಿಷಿಗೆ ಹೋದಾಗ ಒಮ್ಮೆ ‘ಎಚ್’ ಕೂಡಿಸಿಕೊಳ್ಳುತ್ತದೆ, ಒಮ್ಮೆ ಇಲ್ಲ. ಫೂಲವತಿಯನ್ನು ಎರಡೂ ಕಾಗುಣಿತದಲ್ಲಿ ಹುಡುಕಿ.

ಸೈಟೇಷನ್ ಓದುವುದು ವಿಳಾಸ ಓದಿದಂತೆ. ‘ಎಐಆರ್ 2020 ಎಸ್‌ಸಿ 3717’ ಎಂದರೆ ಆಲ್ ಇಂಡಿಯಾ ರಿಪೋರ್ಟರ್, ವರ್ಷ, ನ್ಯಾಯಾಲಯ, ಪುಟ. ‘(2020) 9 ಎಸ್‌ಸಿಸಿ 1’ ಎಂದರೆ ಆ ವರ್ಷದ ಒಂಬತ್ತನೇ ಸಂಪುಟದ ಮೊದಲ ಪುಟ. ಎರಡೂ ವಿನೀತಾ ಶರ್ಮಾ ತೀರ್ಪಿನವೇ. ಕರ್ನಾಟಕದ್ದು ಐಎಲ್‌ಆರ್ ಕರ್ನಾಟಕ, ಕರ್ನಾಟಕ ಲಾ ಜರ್ನಲ್, ಕೆಸಿಸಿಆರ್ ಮುಂತಾದ ತೀರ್ಪು ವರದಿಗಳಲ್ಲಿ ಸಿಗುತ್ತದೆ. ಲಾ ಜರ್ನಲ್‌ನಲ್ಲಿ ವರ್ಷದ ಪಕ್ಕ ಆವರಣದೊಳಗಿನ ಸಂಪುಟ ಸಂಖ್ಯೆ ಬಿಟ್ಟು ಬರೆದುಕೊಂಡರೆ ಆ ವರ್ಷದ ಎಲ್ಲ ಸಂಪುಟ ತಿರುವಬೇಕಾಗುತ್ತದೆ. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ತೀರ್ಪುಗಳು ‘ಮೈಸೂರು’ ಎಂಬ ಹೆಸರಿನ ಸಂಪುಟಗಳಲ್ಲಿವೆ.

ಇನ್ನೂ ಹಿಂದೆ ಹೋದರೆ ಊರು ಮುಖ್ಯವಾಗುತ್ತದೆ. 1956ರ ನವೆಂಬರ್ 1ಕ್ಕೆ ಮೊದಲು ರಾಣೆಬೆನ್ನೂರು ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತದಲ್ಲಿತ್ತು. ಆ ಕಾಲದ ತೀರ್ಪು ಬೇಕಾದರೆ ಐಎಲ್‌ಆರ್ ಬಾಂಬೆ ತೆಗೆಯಬೇಕು. ಮಂಗಳೂರು ಕಡೆಯವರಿಗೆ ಮದ್ರಾಸ್, ಕಲಬುರಗಿ ಕಡೆಯವರಿಗೆ ಹೈದರಾಬಾದ್. 1933ರ ಮೈಸೂರಿನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಹಳೆ ಮೈಸೂರಿಗೆ ಮಾತ್ರ ಅನ್ವಯಿಸಿದ್ದು. ನಿಮ್ಮ ದಾವೆಯ ಕುಟುಂಬದಲ್ಲಿ ಅಜ್ಜ 1956ಕ್ಕೆ ಮೊದಲೇ ತೀರಿದ್ದು, ಅಜ್ಜಿಯ ಪಾಲಿನ ಮಾತು ಎದ್ದರೆ ಆ ಕಾಯ್ದೆ ನಿಮ್ಮೂರಿಗೆ ಬರುವುದಿಲ್ಲ. ಹಾಸನದ ವಕೀಲರು ಬರೆದ ವಾದಪತ್ರ ನೋಡಿ ನಕಲು ಮಾಡಿದರೆ ಇಲ್ಲೇ ಸಿಕ್ಕಿಬೀಳುತ್ತೀರಿ.

ಈಗ ತೀರ್ಪು ಕೈಗೆ ಬಂತು. ಹೆಡ್‌ನೋಟ್ (ತೀರ್ಪಿನ ಮೇಲೆ ಅಚ್ಚಾದ ಸಾರಾಂಶ) ಓದಿ ಮುಚ್ಚಬೇಡಿ: ಅದು ಸಂಪಾದಕರ ಬರಹ, ನ್ಯಾಯಮೂರ್ತಿಗಳದ್ದಲ್ಲ. ಮೊದಲು ತಾರೀಕು, ಪೀಠದಲ್ಲಿ ಎಷ್ಟು ಜನ ಎಂಬುದನ್ನು ಬರೆದುಕೊಳ್ಳಿ. ಫೂಲವತಿಯಲ್ಲಿ ಇಬ್ಬರು. 2018ರ ಫೆಬ್ರುವರಿ 1ರ ದಾನಮ್ಮ ತೀರ್ಪು, (2018) 3 ಎಸ್‌ಸಿಸಿ 343, ಅದರಲ್ಲೂ ಇಬ್ಬರೇ. ಅಲ್ಲಿ ತಂದೆ ತೀರಿದ್ದು ನಿಮ್ಮ ಪ್ರಕರಣದಂತೆಯೇ 2001ರಲ್ಲಿ, ಆದರೂ ಮಗಳಂದಿರಿಗೆ ಪಾಲು ಸಿಕ್ಕಿತು. ಎರಡೂ ಕರ್ನಾಟಕದಿಂದ ಹೋದ ಪ್ರಕರಣಗಳೇ. ಸಮಾನ ಬಲದ ಎರಡು ಪೀಠ ಎರಡು ದಾರಿ ಹಿಡಿದಾಗ ವಿಷಯ ಮೂವರ ಮುಂದೆ ಹೋಯಿತು. 2018ರಲ್ಲಿ ನಿಂತು ಓದಿದ್ದರೂ ‘ಇಲ್ಲಿ ಜಗಳವಿದೆ, ಫೂಲವತಿಯನ್ನು ನಂಬಿ ಕೂರಬಾರದು’ ಎಂದು ತಿಳಿಯುತ್ತಿತ್ತು.

ತೀರ್ಪಿನೊಳಗೆ ವಕೀಲರ ವಾದವನ್ನು ದಾಖಲಿಸಿದ ಪ್ಯಾರಾಗಳೂ ಇರುತ್ತವೆ. ‘ಎಂದು ವಾದಿಸಲಾಯಿತು’ ಎಂಬ ಭಾಗದಿಂದ ಸಾಲು ಕಿತ್ತು ‘ಸುಪ್ರೀಂ ಕೋರ್ಟ್ ಹೇಳಿದೆ’ ಎಂದು ಕೊಡುವ ತಪ್ಪು ದಿನನಿತ್ಯ ನಡೆಯುತ್ತದೆ. ವಿನೀತಾ ಶರ್ಮಾ ತೀರ್ಪಿನ ಅಂತಿಮ ಉತ್ತರಗಳು ನ್ಯಾಯಾಲಯದ ಮೂಲ ಪ್ರತಿಯಲ್ಲಿ 129ನೇ ಪ್ಯಾರಾದಲ್ಲಿವೆ, ಎಸ್‌ಸಿಸಿಯಲ್ಲಿ ಅದೇ 137. ಪ್ಯಾರಾ ಸಂಖ್ಯೆ ಹೇಳುವಾಗ ಯಾವ ವರದಿಯದು ಎಂದು ಹೇಳದಿದ್ದರೆ ನ್ಯಾಯಾಧೀಶರು ಒಂದು ಪುಟ ತೆರೆದಿರುತ್ತಾರೆ, ನೀವು ಇನ್ನೊಂದು ಓದುತ್ತಿರುತ್ತೀರಿ.

ಆ ಉತ್ತರಗಳಲ್ಲಿ ಕೊನೆಯದು ನಿಮ್ಮದು. ಬರೀ ಬಾಯಿಮಾತಿನ ಸಾಕ್ಷ್ಯದ ಮೇಲೆ ನಿಂತ ಪಾಲಿನ ವಾದವನ್ನು ತಳ್ಳಿಹಾಕಬೇಕು. ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದು, ಡಿಕ್ರಿಯಿಂದ ಆದಷ್ಟೇ ಖಚಿತವಾಗಿ ಪಾಲು ಸಾಬೀತಾದ ಅಪವಾದದ ಪ್ರಕರಣಗಳಲ್ಲಿ ಮಾತ್ರ ಒಪ್ಪಬಹುದು. ಅಷ್ಟಕ್ಕೇ ನಿಲ್ಲದೆ ಅದರ ಹಿಂದಿನ ಚರ್ಚೆ ಓದಿ. ಬೇರೆ ಬೇರೆ ಸ್ವಾಧೀನ, ಆದಾಯ ಬೇರೆ ಬೇರೆ ಬಳಸಿಕೊಂಡದ್ದು, ಕಂದಾಯ ದಾಖಲೆಯ ನಮೂದು, ಇವುಗಳ ಜೊತೆಗೆ ಆ ಕಾಲದ ಬೇರೆ ಸಾರ್ವಜನಿಕ ದಾಖಲೆಯೂ ಇರಬೇಕು ಎಂಬ ಮಾತು ಅಲ್ಲಿದೆ. ಬರೀ ಪಹಣಿ ಹಿಡಿದು ಹೋದರೆ ಸಾಲದು ಎಂಬುದು ಹೆಡ್‌ನೋಟಿನಿಂದ ಹೊಳೆಯುವುದಿಲ್ಲ, ಚರ್ಚೆಯ ಭಾಗ ಓದಿದರೆ ಹೊಳೆಯುತ್ತದೆ.

ಕಟ್ಟಕಡೆಯದು, ಆದರೆ ಯಾವತ್ತೂ ಬಿಡಬಾರದ್ದು, ತೀರ್ಪಿನ ಮುಂದಿನ ಬದುಕು ನೋಡುವುದು. ಮುದ್ರಿತ ವರದಿಗಳ ವಾರ್ಷಿಕ ಸೂಚಿಗಳಲ್ಲಿ ‘ತಳ್ಳಿಹಾಕಿದ, ಅನುಸರಿಸಿದ, ಭಿನ್ನವೆಂದ ಪ್ರಕರಣಗಳು’ ಎಂಬ ಪಟ್ಟಿ ಇರುತ್ತದೆ. ನಿಮ್ಮ ತೀರ್ಪಿನ ವರ್ಷದಿಂದ ಇಂದಿನವರೆಗೆ ಒಂದೊಂದು ವರ್ಷದ ಪಟ್ಟಿಯನ್ನೂ ನೋಡಬೇಕು. ಬೈಂಡಿಂಗಿಗೆ ಹೋದ ಸಂಪುಟ, ಬೈಂಡ್ ಮಾಡುವಾಗ ಹೊರಹಾಕಿದ ಸೂಚಿ, ಯಾರೋ ಕಿತ್ತುಕೊಂಡು ಹೋದ ಪುಟ, ಇವೇ ಇಲ್ಲಿನ ಶತ್ರುಗಳು. ಒಂದು ವರ್ಷದ್ದು ಸಿಗದಿದ್ದರೆ ಗ್ರಂಥಪಾಲಕರನ್ನು ಕೇಳಿ, ಊಹೆ ಮಾಡಬೇಡಿ.

ಎಸ್‌ಸಿಸಿ ಆನ್‌ಲೈನ್, ಮನುಪಾತ್ರದಂಥ ಚಂದಾ ಸೇವೆ ಇರುವ ಗ್ರಂಥಾಲಯದಲ್ಲಿ ಈ ಕೆಲಸ ಐದು ನಿಮಿಷದ್ದು. ನಿಮಗೆ ಹತ್ತಿರದಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಹೈಕೋರ್ಟ್ ಪೀಠವಿದೆ. ಹೊರಗಿನವರಿಗೆ ಪ್ರವೇಶ ಹೇಗೆ ಎಂದು ಮೊದಲೇ ಫೋನ್ ಮಾಡಿ ತಿಳಿದುಕೊಂಡು, ಗುರುತಿನ ಚೀಟಿ ಮತ್ತು ಸೀನಿಯರ್ ಪತ್ರ ಜೊತೆಗಿಟ್ಟುಕೊಳ್ಳಿ. ಉಚಿತವಾಗಿ ಬೇಕೆಂದರೆ ಇಂಡಿಯನ್ ಕಾನೂನ್ ತಾಣದಲ್ಲಿ ತೀರ್ಪು ತೆರೆದು, ಅದನ್ನು ಉಲ್ಲೇಖಿಸಿದ ತೀರ್ಪುಗಳ ಪಟ್ಟಿಯನ್ನು ಹೊಸದು ಮೇಲೆ ಬರುವಂತೆ ಜೋಡಿಸಿ. ಈ ಪಟ್ಟಿ ಯಾರು ಉಲ್ಲೇಖಿಸಿದರು ಎನ್ನುತ್ತದೆ, ಒಪ್ಪಿದರೋ ತಳ್ಳಿದರೋ ಎನ್ನುವುದಿಲ್ಲ. ಅದನ್ನು ನೀವೇ ಓದಬೇಕು. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು 2023ರ ಜನವರಿಯಿಂದ ಇ-ಎಸ್‌ಸಿಆರ್ ಜಾಲತಾಣದಲ್ಲಿ ಪುಕ್ಕಟೆ.

ಹೈಕೋರ್ಟ್ ತೀರ್ಪಾದರೆ ಅದರ ಮೇಲೆ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆಯೇ ಎಂದು ಸುಪ್ರೀಂ ಕೋರ್ಟ್ ಜಾಲತಾಣದ ಪ್ರಕರಣದ ಸ್ಥಿತಿ ವಿಭಾಗದಲ್ಲಿ ಹೈಕೋರ್ಟಿನ ಪ್ರಕರಣ ಸಂಖ್ಯೆ ಹಾಕಿ ನೋಡಿ. ತಡೆಯಾಜ್ಞೆ ಸಿಕ್ಕಿದೆ ಎಂದ ಮಾತ್ರಕ್ಕೆ ತೀರ್ಪು ಅಳಿಸಿಹೋಗುವುದಿಲ್ಲ. ತಡೆಗೂ ರದ್ದಿಗೂ ಇರುವ ವ್ಯತ್ಯಾಸವನ್ನು ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣ, (1992) 3 ಎಸ್‌ಸಿಸಿ 1, ಹೇಳುತ್ತದೆ. ಆದರೂ ತಡೆಯಿದೆ ಎಂಬುದನ್ನು ನ್ಯಾಯಾಲಯಕ್ಕೆ ನೀವೇ ಮೊದಲು ಹೇಳಿಬಿಡಿ.

ಚಾಟ್‌ಬಾಟ್ ಕೊಟ್ಟ ಸೈಟೇಷನ್‌ಗಳನ್ನು ಸಂಪುಟ ತೆರೆದು ಕಣ್ಣಾರೆ ಕಾಣುವವರೆಗೆ ಇಲ್ಲವೆಂದೇ ತಿಳಿಯಿರಿ. ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಿಚಾರಣಾ ನ್ಯಾಯಾಲಯದ ಆದೇಶವೊಂದು 2025ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದು ದೊಡ್ಡ ಸುದ್ದಿಯಾಯಿತು.

ಮುಂದಿನ ದಿನಾಂಕಕ್ಕೆ ಮೊದಲು ಮಾಡಬೇಕಾದದ್ದು ಇಷ್ಟು. 1996ರ ವರ್ದಿ, ಅದರ ಮೇಲಿನ ಮ್ಯುಟೇಷನ್ (ಹೆಸರು ಬದಲಾವಣೆಯ) ನಮೂದು, ಅಂದಿನಿಂದ ಇಂದಿನವರೆಗಿನ ಪಹಣಿಗಳ ದೃಢೀಕೃತ ನಕಲು ತೆಗೆಸಿ. ಜೊತೆಗೆ ಆ ಕಾಲದ್ದೇ ಬೇರೆ ದಾಖಲೆ ಏನಿದೆ ಎಂದು ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಕೇಳಿ: ಬ್ಯಾಂಕು ಅಥವಾ ಸೊಸೈಟಿಗೆ ಒಬ್ಬೊಬ್ಬರೇ ಬರೆದುಕೊಟ್ಟ ನೋಂದಾಯಿತ ಅಡಮಾನ, ತನ್ನ ಪಾಲೆಂದು ಹೇಳಿ ಮಾಡಿದ ಕ್ರಯಪತ್ರ, ಬೇರೆ ದಾವೆಯಲ್ಲಿ ಕೊಟ್ಟ ಹೇಳಿಕೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಯಾವುದಾದರೂ ತುಂಡು ಮಾರಾಟವಾಗಿದ್ದರೆ ಅದು ಪರಂತುಕದಡಿ ಪ್ರತ್ಯೇಕ ವಾದ. ಸಾರ್ವಜನಿಕ ದಾಖಲೆ ಯಾವುದು ಎಂಬುದಕ್ಕೆ ಸಾಕ್ಷ್ಯ ಕಾನೂನಿನ ಕಲಂ 74 ನೋಡುವಾಗ, ದಾವೆ 2024ರ ಜುಲೈ 1ಕ್ಕೆ ಮೊದಲೇ ಬಾಕಿಯಿದ್ದರೆ 1872ರ ಹಳೆಯ ಕಾಯ್ದೆಯನ್ನೇ ಉಲ್ಲೇಖಿಸಿ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಸಂಖ್ಯೆ 74 ಆಗಿರುವುದರಿಂದ ಗೊಂದಲವಾಗುತ್ತದೆ. ತೀರ್ಪಿನ ನಕಲು ಮೂರು ಸೆಟ್ ಮಾಡಿಸಿ: ನ್ಯಾಯಾಲಯಕ್ಕೊಂದು, ಎದುರು ವಕೀಲರಿಗೊಂದು, ನಿಮ್ಮ ಕೈಗೊಂದು. ಮೊದಲ ಪುಟದ ಮೇಲ್ತುದಿಯಲ್ಲಿ ಪೀಠದ ಬಲ, ಅವಲಂಬಿಸುವ ಪ್ಯಾರಾ, ಮತ್ತು ‘ಇಂಥ ದಿನದವರೆಗೆ ಪರಿಶೀಲಿಸಿದೆ’ ಎಂಬ ತಾರೀಕನ್ನು ಪೆನ್ಸಿಲಿನಲ್ಲಿ ಬರೆದಿಡಿ. ಮುಂದಿನ ವಾಯಿದೆ ಆರು ತಿಂಗಳಿಗೆ ಹೋದರೆ ಆ ತಾರೀಕಿನಿಂದ ಮುಂದಿನದ್ದನ್ನಷ್ಟೇ ಮತ್ತೆ ನೋಡಿದರೆ ಸಾಕು.